ಸಾಯದ ಕಾವಲುಗಾರ

ತುಂಗಭದ್ರೆಯ ದಂಡೆಯ ಮೇಲೆ ಮರುಳಯ್ಯ ಮಾಸ್ತರರು ಇದ್ದರು. ಹಳೆಯ ಮಠವೊಂದರ ಹಿಂದಿನ ಎರಡು ಕೋಣೆ, ಎದುರಿಗೆ ಕಲ್ಲಿನ ಮೆಟ್ಟಿಲು, ಕೆಳಗೆ ಹೊಳೆ. ಅಷ್ಟೇ ಅವರ ಆಶ್ರಮ.

ಆ ಕೋಣೆಗಳಲ್ಲಿ ತಾಳೆಗರಿ ಇರಲಿಲ್ಲ, ಜಪಮಣಿಯೂ ಇರಲಿಲ್ಲ. ಇದ್ದದ್ದು ಹಳೆಯ ಕಾಲದ ಕಂಪ್ಯೂಟರುಗಳು. ಮನೆಯ ಟಿವಿಗೆ ಜೋಡಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಮ್ ತುಂಬಿಸುವಂಥವು. ಊರೆಲ್ಲ ಅವನ್ನು ಗುಜರಿಗೆ ಹಾಕಿ ಮೂವತ್ತು ವರ್ಷವಾಗಿತ್ತು. ಮಾಸ್ತರರು ಹಾಕಿರಲಿಲ್ಲ.

ಹರೆಯದಲ್ಲಿ ಅವರು ಅಂಥದೊಂದು ಯಂತ್ರಕ್ಕೆ ಆಟ ಬರೆದಿದ್ದರು. ಹೆಸರು 'ಕೋಟೆ ಕಾವಲುಗಾರ'. ಉಗುರಿನಷ್ಟು ಎತ್ತರದ ಕಾವಲುಗಾರ ಗೋಡೆಯಿಂದ ಗೋಡೆಗೆ ಜಿಗಿಯುತ್ತ, ಎದುರಾದವರಿಗೆ ಗುಂಡು ಹಾರಿಸುತ್ತ, ಹದಿನಾರು ಕೊತ್ತಲ ದಾಟಬೇಕು. ಅವನಿಗೆ ಮೂರೇ ಪ್ರಾಣ. ಮೂರೂ ಹೋದವೋ, ಮತ್ತೆ ಮೊದಲಿನಿಂದ.

ಕ್ಯಾಸೆಟ್ಟು ಬೂಷ್ಟು ಹಿಡಿದು ಹಾಳಾಯಿತು. ಆ ಯಂತ್ರವೂ ಸುಟ್ಟುಹೋಯಿತು. ಆಟ ಉಳಿದದ್ದು ಮಾಸ್ತರರ ತಲೆಯಲ್ಲಿ, ಮತ್ತು ಚಿಕ್ಕಂದಿನಲ್ಲಿ ಅದನ್ನು ಆಡಿ ಮರೆಯಲಾರದ ಕೆಲವರ ನೆನಪಿನಲ್ಲಿ.

ಅಂಥವರಲ್ಲೊಬ್ಬ ತೋಂಟೇಶ. ಗದಗಿನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದವ, ನಲವತ್ತು ದಾಟಿದವ. ಒಂದು ದಿನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಕೈಚೀಲ ಹಿಡಿದು ಬಂದೇಬಿಟ್ಟ.

"ಅಜ್ಜಾರ, ಆ ಆಟ ಮತ್ತ ಕಟ್ಟಬೇಕ್ರಿ. ನಿಮ್ಮ ಕಡೆ ಉಳಿದಿರೂ ಯಂತ್ರಕ್ಕ ಹೊಂದೂ ಹಂಗ. ಆದ್ರ ಆಟ ಮಾತ್ರ ಇದ್ದದ್ದು ಇದ್ದ ಹಂಗ."

"ಯಾಕಪಾ?"

"ನಾ ಒಮ್ಮೆಯೂ ಗೆದ್ದಿಲ್ರಿ."

"ಸೋತ ಸಿಟ್ಟಿಗೆ ಬಂದೀಯೇನು?"

"ಹೌದ್ರಿ."

"ಹಂಗಾರ ಇರು. ಭಕ್ತಿಯಿಂದ ಬಂದಿದ್ರ ಇವತ್ತ ಬಸ್ ಹತ್ತಸ್ತಿದ್ದೆ."

ಮೊದಲ ತಿಂಗಳೇ ತೋಂಟೇಶ ಮೊದಲನೆಯ ಕೊತ್ತಲ ಕಟ್ಟಿ ತಂದು ತೋರಿಸಿದ. ಮೀಸೆಯಡಿ ನಗು ಬೇರೆ.

"ನೂರು ಸಲ ಸಾಯಿ," ಎಂದರು ಮಾಸ್ತರರು.

"ಏನ್ರಿ?"

"ನೀ ಕಟ್ಟಿದ್ದರಾಗ ನೀ ನೂರು ಸಲ ಸಾಯಬೇಕು. ಪ್ರತಿ ಸಲಾನೂ ಯಾಕ ಸತ್ತೆ ಅಂತ ಬರದಿಡು. ನೂರಕ್ಕ ನೂರೂ ಸಲ ತಪ್ಪು ನಂದ ಅಂತ ಅನಿಸಿದ್ರ ಮುಂದಿನ ಕೊತ್ತಲಕ್ಕ ಹೋಗು. ಒಂದ ಒಂದು ಸಲ ತಪ್ಪು ಆಟದ್ದು ಅನಿಸ್ತೋ, ಕೆಡವಿ ಮತ್ತ ಕಟ್ಟು."

ತೋಂಟೇಶ ಮೊದಲನೆಯ ಕೊತ್ತಲವನ್ನು ಹನ್ನೊಂದು ಸಲ ಕೆಡವಿದ. ಹದಿನಾರೂ ಮುಗಿಯುವ ಹೊತ್ತಿಗೆ ಮೂರು ವರ್ಷ ಕಳೆದು, ತಲೆ ಅರ್ಧ ಬೆಳ್ಳಗಾಗಿತ್ತು. ಆಟ ಯಾವಾಗ ಸಿಗುತ್ತದೆ ಎಂದು ಕೇಳುವವರು ಎಲ್ಲೆಲ್ಲಿಂದಲೋ ಪತ್ರ ಬರೆಯುತ್ತಿದ್ದರು.

ಇನ್ನು ಬಾಕಿ ಇದ್ದದ್ದು ಒಂದೇ. ಮಾಸ್ತರರು ತಮ್ಮ ಕೈಯಾರೆ ಹದಿನಾರೂ ಕೊತ್ತಲ ದಾಟಿ "ಆತು" ಅನ್ನಬೇಕು. ಆ ಒಂದು ಮಾತಿಗಾಗಿ ತೋಂಟೇಶ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ.

ಮಾಸ್ತರರದೊಂದು ರೂಢಿ. ಬೆಳಿಗ್ಗೆ ಎದ್ದು ಒಂದೇ ಆಟ. ಮೂರು ಪ್ರಾಣ ಹೋದ ಕೂಡಲೇ ಎದ್ದುಬಿಡುವುದು. ಇನ್ನೊಂದು ಸಲ ಆಡ್ರಿ ಅಂತ ಎಷ್ಟು ಗೋಗರೆದರೂ, "ಇವತ್ತಿಂದು ಮುಗೀತಪಾ" ಅನ್ನುವುದು. ಆಮೇಲೆ ಹೆಗಲಿಗೆ ಟವೆಲ್ಲು ಹಾಕಿಕೊಂಡು, ಇಪ್ಪತ್ತೇಳು ಮೆಟ್ಟಿಲಿಳಿದು ಹೊಳೆಯಲ್ಲಿ ಮುಳುಗು ಹಾಕಿ ಬರುವುದು. ಹೊಳೆಯ ಮುಳುಗಂತೂ ನಲವತ್ತಾರು ವರ್ಷದಿಂದ ನಡೆದು ಬಂದದ್ದು.

ಆ ವರ್ಷ ಅವರ ಕೈ ನಡುಗಲು ಶುರುವಾಯಿತು.

ಪೇಟೆಯ ಡಾಕ್ಟರು ನೋಡಿ, ಇದು ನರದ ಕಾಯಿಲೆ, ಕೈಗೆ ಬಂದದ್ದು ಕಾಲಿಗೂ ಬರುತ್ತದೆ, ಇನ್ನು ಒಬ್ಬರೇ ಹೊಳೆಗೆ ಇಳಿಯಬೇಡಿ ಎಂದರು.

ಅಡುಗೆ ಮಾಡುವ ನೀಲವ್ವ ಅವತ್ತೇ ಹಠ ಹಿಡಿದಳು. "ಬಕೀಟಿನ್ಯಾಗ ನೀರು ಕಾಸಿ ಇಡ್ತೀನ್ರಿ ಅಜ್ಜಾರ. ಇಲ್ಲೇ ಜಳಕ ಮಾಡ್ರಿ."

"ಹೊಳಿ ಬಕೀಟಿನ್ಯಾಗ ಬರೂದಿಲ್ಲವಾ."

"ಮತ್ತ ಬಿದ್ದರ?"

ಮಾಸ್ತರರು ಟಿವಿಯ ಕಡೆ ಕೈ ತೋರಿಸಿದರು. "ನನ್ನ ಕೈಕಾಲು ನನ್ನ ಮಾತು ಎಷ್ಟು ಕೇಳತಾವ ಅಂತ ದಿನಾ ಮುಂಜಾನೆ ಅದು ಹೇಳತೈತಿ. ಮೂರನೇ ಕೊತ್ತಲ ದಾಟೂ ತನಕ ಒಬ್ಬನ ಇಳೀತೀನಿ. ಯಾವತ್ತು ದಾಟೂದಿಲ್ಲ, ಅವತ್ತಿಂದ ನೀ ಬಕೀಟು ತುಂಬು, ನಾ ಚಕಾರ ಎತ್ತೂದಿಲ್ಲ. ಅಲ್ಲೀತನಕ ಯಾರೂ ನನ್ನ ಕೈ ಹಿಡೀಬ್ಯಾಡ್ರಿ."

"ಒಂದು ಆಟದ ಮಾತು ಕೇಳಿ ಯಾರರ ಜೀವ ನಡಸ್ತಾರೇನ್ರಿ?"

"ಡಾಕ್ಟರು ತಿಂಗಳಿಗೊಮ್ಮೆ ನೋಡತಾನ. ಇದು ದಿನಾ ನೋಡತೈತಿ. ಮತ್ತ ಇದು ತೋಂಟೇಶ ಕಟ್ಟಿದ್ದು. ಸುಳ್ಳು ಹೇಳೂದಿಲ್ಲ."

ತೋಂಟೇಶನಿಗೆ ಎದೆ ಉಬ್ಬಿ ಬಂತು. ಗುರುವಿನ ಬಾಯಿಂದ ಇಷ್ಟು ದೊಡ್ಡ ಮಾತು ಅವನು ಕೇಳಿದ್ದೇ ಅದು ಮೊದಲು.

ದಸರೆಯ ಹೊತ್ತಿಗೆ ಮಾಸ್ತರರು ಆರನೆಯ ಕೊತ್ತಲದಲ್ಲಿ ಸಾಯತೊಡಗಿದರು. ದೀಪಾವಳಿಗೆ ನಾಲ್ಕನೆಯದರಲ್ಲಿ. ಕಾರ್ತಿಕ ಮುಗಿಯುವಷ್ಟರಲ್ಲಿ ಒಂದು ಬೆಳಿಗ್ಗೆ ಎರಡು ಪ್ರಾಣ ಮೊದಲ ಕೊತ್ತಲದಲ್ಲೇ ಹೋದವು. ಉಳಿದ ಒಂದರಲ್ಲಿ ಹೇಗೋ ಏದುಸಿರು ಬಿಡುತ್ತ ಮೂರನೆಯದನ್ನು ದಾಟಿದರು.

ಅವತ್ತು ಸ್ನಾನ ಮಾಡಿ ಬಂದು ಕಟ್ಟೆಯ ಮೇಲೆ ಕುಳಿತು ಹೊಳೆ ನೋಡಿದರು.

"ನಾಳಿ ಗೊತ್ತಿಲ್ಲಪಾ," ಎಂದರು.

ತೋಂಟೇಶ ಲೆಕ್ಕ ಹಾಕಿದ. ನಾಳೆ ಮೂರನೆಯದು ದಾಟದಿದ್ದರೆ ಇವರಿಗೆ ಹೊಳೆ ತಪ್ಪಿತು. ಹೊಳೆ ತಪ್ಪಿದರೆ ಇವರು ಎಷ್ಟು ದಿನ ಬದುಕಿಯಾರು? ಇದು ನಿಜವಾದ ಸಂಕಟ, ಸುಳ್ಳಲ್ಲ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಸಂಕಟ ಕುಳಿತಿತ್ತು. ಮೂರೇ ದಾಟದವರು ಹದಿನಾರು ಯಾವಾಗ ದಾಟುವುದು, "ಆತು" ಯಾವಾಗ ಅನ್ನುವುದು? ಮನುಷ್ಯನ ಮನಸ್ಸು ನೋಡಿ, ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಅದಕ್ಕೆ ಕರುಣೆ ಅಂತ ಹೆಸರಿಟ್ಟುಬಿಟ್ಟಿತು.

ಮಧ್ಯಾಹ್ನ ಮಾಸ್ತರರು ಮಲಗಿದಾಗ ಅವನು ಯಂತ್ರದ ಮುಂದೆ ಕುಳಿತ.

ಆ ಪ್ರೋಗ್ರಾಮಿನಲ್ಲಿ ಒಂದು ಪ್ರಶ್ನೆ ಇತ್ತು. ಕಾವಲುಗಾರ ಹೆಜ್ಜೆ ಇಟ್ಟಾಗಲೆಲ್ಲ ಯಂತ್ರ ಕೇಳಿಕೊಳ್ಳುತ್ತದೆ: ಇವನಿಗೆ ಏನಾದರೂ ತಾಗಿತೇ? ತಾಗಿದ್ದರೆ ಸಾಯಿಸು. ನಾಲ್ಕೇ ಸಾಲು. ಮೊದಲ ಪ್ರಾಣ ಹೋದ ಮೇಲೆ, ಮೂರನೆಯ ಕೊತ್ತಲ ಮುಗಿಯುವ ತನಕ ಯಂತ್ರ ಆ ಪ್ರಶ್ನೆ ಕೇಳದ ಹಾಗೆ ತೋಂಟೇಶ ಮಾಡಿದ.

ಮೊದಲ ಪ್ರಾಣ ಹೋಗಲು ಯಾಕೆ ಬಿಟ್ಟ? ಅನುಮಾನ ಬರಬಾರದಲ್ಲ! ಮಾಸ್ತರರ ಕಣ್ಣಿಗೆ ಪೊರೆ ಬಂದಿತ್ತು. ಸಾಸಿವೆಯಷ್ಟು ಗುಂಡು ಮೈಗೆ ತಾಗಿತೋ, ಪಕ್ಕದಲ್ಲಿ ಹೋಯಿತೋ, ಅವರಿಗೆ ಕಾಣುವಂತಿರಲಿಲ್ಲ. ಅದನ್ನೂ ಈ ಪುಣ್ಯಾತ್ಮ ಲೆಕ್ಕ ಹಾಕಿದ್ದ.

ಮರುದಿನ ಮಾಸ್ತರರು ಮೂರನೆಯದು ದಾಟಿದರು. ನಾಲ್ಕರಲ್ಲಿ ಸತ್ತರು. ಎದ್ದು, ಸ್ವಲ್ಪ ಬೇಗಬೇಗ ಹೆಜ್ಜೆ ಹಾಕುತ್ತ ಹೊಳೆಗೆ ಹೋದರು.

ಸಾಕಾಗಿತ್ತು, ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ರುಚಿ ಹತ್ತಿದ ಕೈ ನಿಲ್ಲುತ್ತದೆಯೇ? ತೋಂಟೇಶ ನಾಲ್ಕನೆಯದನ್ನೂ ಸೇರಿಸಿದ. ಎರಡು ದಿನ ಬಿಟ್ಟು ಐದು. ಮತ್ತೆರಡು ದಿನಕ್ಕೆ ಆರು.

"ಲೇ ತೋಂಟ್ಯಾ! ಡಾಕ್ಟರಗ ಹೇಳು, ಅವನ ಗುಳಿಗಿ ಹತ್ಯಾವು!" ಮಾಸ್ತರರು ಕೂಗಿದರು. ಅವರು ಅಷ್ಟು ಖುಷಿಯಿಂದ ಕೂಗಿದ್ದನ್ನು ನೀಲವ್ವ ಯಾವತ್ತೂ ಕೇಳಿರಲಿಲ್ಲ, ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನೋಡಿದಳು. ಅವರು ಊರುಗೋಲನ್ನು ಮೂಲೆಗಿಟ್ಟು, ಟವೆಲ್ಲು ಹೆಗಲಿಗೇರಿಸಿ ಹೊರಟಿದ್ದರು.

"ಏ ತಮ್ಮಾ, ಜೋಡಿ ಹೋಗೋ!" ಎಂದಳು ನೀಲವ್ವ.

ತೋಂಟೇಶ ಓಡಿ ಹೋಗಿ ಮೆಟ್ಟಿಲ ತುದಿಯಲ್ಲಿ ಅವರನ್ನು ಹಿಡಿದ. "ಅಜ್ಜಾರ, ನಾನೂ ಬರ್ತೀನ್ರಿ."

"ಯಾಕ?"

"ಹಂಗ ಸುಮ್ಮನ."

"ಆರು ಕೊತ್ತಲ ದಾಟಿದೆನೋ ಇಲ್ಲೋ?"

"ದಾಟಿದ್ರಿ."

"ನಿನ್ನ ಆಟ ಸುಳ್ಳು ಹೇಳತೈತೇನು?"

ಆಗ ಬಾಯಿ ಬಿಡಬೇಕಿತ್ತು. ಬಿಟ್ಟಿದ್ದರೆ ಏನಾಗುತ್ತಿತ್ತು? ಒಂದು ಬೈಗುಳ, ಹೆಚ್ಚೆಂದರೆ ಮನೆಗೆ ಹೋಗು ಅನ್ನುವ ಮಾತು.

"ಇಲ್ರಿ," ಎಂದ ತೋಂಟೇಶ.

"ಮತ್ತ ದಾರಿ ಬಿಡು."

ಅವನು ದಾರಿ ಬಿಟ್ಟ. ಕೋಣೆಗೆ ವಾಪಸು ಬಂದು ಕುಳಿತ. ಮಾಸ್ತರರು ಹಿಂದಿರುಗಲು ಹಿಡಿಯುವಷ್ಟು ಹೊತ್ತು ಆಯಿತು. ಅದರ ಎರಡರಷ್ಟು ಆಯಿತು. ಆಮೇಲೆ ನೀಲವ್ವನ ಕೂಗು ಕೇಳಿತು.

"ಅಯ್ಯೋ ಶಿವನೇ! ತೋಂಟೇಶಾ, ಬಾರೋ!"

ಅವರು ಕೆಳಗಿನ ಮೆಟ್ಟಿಲ ಮೇಲೆ ಓರೆಯಾಗಿ ಬಿದ್ದಿದ್ದರು. ಕಾಲು ನೀರಿನಲ್ಲಿತ್ತು. ಕೂಗುವ ಶಕ್ತಿ ಇಲ್ಲದೆ ಕಲ್ಲನ್ನು ಕೈಯಿಂದ ಬಡಿಯುತ್ತಿದ್ದರು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು, ಈ ವಯಸ್ಸಿಗೆ, ಈ ಹೃದಯಕ್ಕೆ ಆಪರೇಷನ್ ತಡೆಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಇನ್ನು ಏಳುವ ಮಾತಿಲ್ಲ ಎಂದೂ ಹೇಳಿದರು. ಎಷ್ಟು ದಿನ ಅಂತ ತೋಂಟೇಶ ಕೇಳಿದ್ದಕ್ಕೆ ಡಾಕ್ಟರು ಕೈ ಚೆಲ್ಲಿದರು.

ಮಾಸ್ತರರ ಮಂಚ ಒಳಗಿನ ಕೋಣೆಯಲ್ಲಿತ್ತು. ಅಲ್ಲಿಗೆ ಹೊಳೆಯ ಸದ್ದು ಕೇಳುತ್ತಿತ್ತು, ಹೊಳೆ ಕಾಣುತ್ತಿರಲಿಲ್ಲ. ಮಗ್ಗುಲು ಬದಲಿಸುವಾಗ ಆ ಗಟ್ಟಿ ಮನುಷ್ಯ ಎಮ್ಮೆಕರುವಿನಂತೆ ಒರಲುತ್ತಿದ್ದರು. ಬೆನ್ನಿಗೆ ಹುಣ್ಣಾಯಿತು. ತೋಂಟೇಶ ತೊಳೆದ, ಒರೆಸಿದ, ಮುಲಾಮು ಹಚ್ಚಿದ. ಬಾಯಿ ಮಾತ್ರ ಬಿಡಲಿಲ್ಲ.

ನೀಲವ್ವ ದಿನಾ ಬೆಳಿಗ್ಗೆ ಹೋಗಿ ಕೆಳಗಿನ ಮೆಟ್ಟಿಲುಗಳನ್ನು ಕಲ್ಲು ಹಾಕಿ ತಿಕ್ಕುತ್ತಿದ್ದಳು. "ಹಾಳು ಪಾಚಿ! ನಾ ಮೊದಲ ತಿಕ್ಕಿದ್ರ ಅಜ್ಜಾರು ಬೀಳತಿದ್ದಿಲ್ಲ," ಎಂದು ಅಳುತ್ತಿದ್ದಳು. ಆ ತಿಕ್ಕುವ ಸದ್ದು ಕೇಳಿದಾಗಲೆಲ್ಲ ತೋಂಟೇಶನಿಗೆ ಎಲ್ಲಾದರೂ ಓಡಿಹೋಗಬೇಕು ಅನಿಸುತ್ತಿತ್ತು.

ಹದಿನೆಂಟನೆಯ ದಿನ ಮಾಸ್ತರರು ಕರೆದರು.

"ಆರು ಕೊತ್ತಲ ದಾಟಿದ ಕೈಕಾಲು ಒಂದು ಮೆಟ್ಟಲಾ ಯಾಕ ತಪ್ಪಿದವು? ಹಗಲೂ ರಾತ್ರಿ ಅದ ಯೋಚನಿ ಆಗೇತಿ. ತಿಳೀದ ಸಾಯೂದಂದ್ರ ಕಷ್ಟಪಾ. ನಾಳೆ ಮುಂಜಾನೆ ಯಂತ್ರ ಇಲ್ಲಿ ತಂದಿಡು. ಆಡಿ ನೋಡತೀನಿ."

ತೋಂಟೇಶನಿಗೆ ಇಡೀ ಮಧ್ಯಾಹ್ನ ಬಿಡುವಿತ್ತು. ಕೆಡಿಸಿದ್ದನ್ನು ಸರಿ ಮಾಡಲು ಐದು ನಿಮಿಷ ಸಾಕು. ಸರಿ ಮಾಡಲೆಂದೇ ಕುಳಿತ. ಆದರೆ ಸರಿ ಮಾಡಿದರೆ ನಾಳೆ ಇವರು ಮೊದಲನೆಯ ಕೊತ್ತಲದಲ್ಲೇ ಮೂರು ಸಲ ಸಾಯುತ್ತಾರೆ. ಈ ಸ್ಥಿತಿಯಲ್ಲಿ ಅದನ್ನೂ ನೋಡಬೇಕೇ? ಆಟದಲ್ಲಾದರೂ ಒಮ್ಮೆ ಗೆಲ್ಲಲಿ, ಹದಿನಾರೂ ದಾಟಲಿ, ಕಣ್ಣು ತಣ್ಣಗೆ ಮುಚ್ಚಲಿ.

ಅವನು ಆ ನಾಲ್ಕು ಸಾಲನ್ನೇ ಅಳಿಸಿಹಾಕಿದ. ಇನ್ನು ಎಲ್ಲೂ, ಯಾವ ಕೊತ್ತಲದಲ್ಲೂ, ಆ ಪ್ರಶ್ನೆ ಇಲ್ಲ.

ಬೆಳಿಗ್ಗೆ ಮಂಚದ ಪಕ್ಕ ಟಿವಿ ಇಟ್ಟ. ಕೀಬೋರ್ಡನ್ನು ಮಾಸ್ತರರ ಎದೆಯ ಮೇಲೆ ಇಟ್ಟು, ನಡುಗುವ ಬೆರಳುಗಳನ್ನು ಅದರ ಮೇಲೆ ಕೂರಿಸಿದ.

ಕಾವಲುಗಾರ ಹೊರಟ. ಒಂದು ದಾಟಿದ, ಎರಡು ದಾಟಿದ. ಜಿಗಿತ ತಪ್ಪಿ ಕೆಳಗಿನ ಗೋಡೆಗೆ ಬಿದ್ದ, ಏಣಿ ಹತ್ತಿ ಮತ್ತೆ ಬಂದ. ಗುಂಡಿನ ಮಳೆಯಲ್ಲಿ ನಡೆದೇ ನಡೆದ. ಐದು, ಆರು. ಮಾಸ್ತರರ ಮುಖದಲ್ಲಿ ಖುಷಿ ಇರಲಿಲ್ಲ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಏಳು, ಎಂಟು.

ಒಂಬತ್ತನೆಯ ಕೊತ್ತಲದ ನಡುವೆ ಒಂದು ಕಂದಕವಿದೆ. ಆಳದಲ್ಲಿ ಚೂಪಾದ ಗೂಟಗಳು. ಬಿದ್ದವನು ಸಾಯುತ್ತಾನೆ, ಇನ್ನೊಂದು ಪ್ರಾಣ ಇದ್ದರೆ ದಂಡೆಯ ಮೇಲೆ ಮತ್ತೆ ಹುಟ್ಟುತ್ತಾನೆ. ಅಲ್ಲಿ ಏಣಿ ಇಲ್ಲ. ಏಣಿ ಯಾಕೆ ಬೇಕು, ಬಿದ್ದವರು ಯಾರೂ ಬದುಕುವುದಿಲ್ಲವಲ್ಲ! ಮಾಸ್ತರರು ಹೇಳಿದ ಅಳತೆಗೆ ತೋಂಟೇಶ ತಾನೇ ತೋಡಿದ ಕಂದಕ ಅದು. ಅದರಲ್ಲಿ ನೂರು ಸಲ ಸತ್ತವನೂ ಅವನೇ. ಆದರೂ ನಿನ್ನೆ ಮಧ್ಯಾಹ್ನ ಅವನಿಗೆ ಅದು ನೆನಪಾಗಿರಲಿಲ್ಲ.

ಕಾವಲುಗಾರ ಜಿಗಿದ. ಅರ್ಧಕ್ಕೆ ಬಿದ್ದ. ಗೂಟಗಳ ಮೇಲೆ ನಿಂತ.

ಸಾಯಲಿಲ್ಲ.

ಎಡಕ್ಕೆ ನಡೆದ, ಗೋಡೆ. ಬಲಕ್ಕೆ ನಡೆದ, ಗೋಡೆ. ಜಿಗಿದ, ಅಂಚು ಸಿಗಲಿಲ್ಲ. ಮೇಲಿನಿಂದ ಗುಂಡು ಬೀಳುತ್ತಲೇ ಇದ್ದವು. ಮಾಸ್ತರರು ಬೆರಳು ಎತ್ತಿದರು. ಕಾವಲುಗಾರ ಗೂಟಗಳ ನಡುವೆ ನಿಂತಲ್ಲೇ ನಿಂತ.

"ಇವನ್ನ ಹೊರಗ ತೆಗಿ," ಎಂದರು.

"ಬರೂದಿಲ್ರಿ," ಎಂದ ತೋಂಟೇಶ. "ಸತ್ತರಷ್ಟ ಹೊರಗ ಬರತಾನ್ರಿ."

"ಮತ್ತ ಸಾಯವಲ್ಲನಲ್ಲ?"

ತೋಂಟೇಶ ಮಂಚದ ಕಾಲಿಗೆ ಹಣೆ ಹಚ್ಚಿದ. ಎಲ್ಲವನ್ನೂ ಹೇಳಿದ. ಮೂರನೆಯ ಕೊತ್ತಲದಿಂದ ಶುರು ಮಾಡಿ ನಿನ್ನೆ ಮಧ್ಯಾಹ್ನದ ತನಕ.

ಮಾಸ್ತರರು ಎದೆಯ ಮೇಲಿನ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದರು.

"ಹದಿನೆಂಟು ದಿನ ಹೊಳೀಗೆ ಬೈದೆ," ಎಂದರು. "ಪಾಪ, ಹೊಳಿ ಏನು ಮಾಡಿತ್ತು?"

"ನಿಮಗ ಹೊಳಿ ತಪ್ಪಬಾರದು ಅಂತ ಮಾಡಿದೆನ್ರಿ. ನಿಮ್ಮ ಮ್ಯಾಲಿನ ಕರುಣಾಕ್ಕ ಮಾಡಿದೆನ್ರಿ ಅಜ್ಜಾರ."

"ನನ್ನ ಒಬ್ಬನ ಮ್ಯಾಲ?"

ತೋಂಟೇಶ ಹಣೆ ಎತ್ತಿದ.

"ನನ್ನ ಮ್ಯಾಲೂ ಇತ್ರಿ. ನಿಮ್ಮ ಬಾಯಿಲೆ 'ಆತು' ಅನಿಸಿಕೊಬೇಕಿತ್ತು."

"ಹ್ಞೂಂ. ಈಗ ಖರೇ ಹೇಳಿದಿ."

ತೋಂಟೇಶ ಬಿಕ್ಕಿ ಬಿಕ್ಕಿ ಅತ್ತ.

"ಅಳಬ್ಯಾಡ. ಅಳೂದು ಭಾಳ ಸಸ್ತಾ. ನೀಲವ್ವಗ ಹೇಳೀಯೇನು?"

"ಇಲ್ರಿ."

"ಹೋಗು. ಹೇಳಿ ಬಾ. ಆಕಿ ಮೆಟ್ಟಲಾ ತಿಕ್ಕೂದು ಬಿಡಲಿ."

ಇದು ಎಲ್ಲಕ್ಕಿಂತ ಕಷ್ಟದ ಮಾತಾಗಿತ್ತು. ತೋಂಟೇಶ ಇಪ್ಪತ್ತೇಳು ಮೆಟ್ಟಿಲು ಇಳಿದ. ನೀಲವ್ವ ಮೊಣಕಾಲೂರಿ ತಿಕ್ಕುತ್ತಿದ್ದಳು. ಅವನು ನಿಂತುಕೊಂಡೇ ಹೇಳಿದ. ಪ್ರೋಗ್ರಾಮು, ಪ್ರಶ್ನೆ, ಅದೆಲ್ಲ ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾದದ್ದು ತಿಳಿಯಿತು.

"ಅಂದ್ರ ಅಜ್ಜಾರ ಕೈಲಿ ಆಗೂದಿಲ್ಲ ಅಂತ ನಿನಗ ಗೊತ್ತಿತ್ತು?"

"ಗೊತ್ತಿತ್ತವಾ."

"ಅವತ್ತು ಜೋಡಿ ಹೋಗು ಅಂದಾಗಲೂ ಗೊತ್ತಿತ್ತು?"

"ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಕಲ್ಲನ್ನು ಹೊಳೆಗೆ ಎಸೆದು, ಸೆರಗಿಗೆ ಕೈ ಒರೆಸಿಕೊಂಡು ಅವನನ್ನು ದಾಟಿ ಮೇಲೆ ಹೋದಳು. ಅವತ್ತಿನಿಂದ ಅವನ ಕೂಡ ಮಾತು ಬಿಟ್ಟಳು. ಅವನ ರೊಟ್ಟಿಯನ್ನು ಹೊಸ್ತಿಲಾಚೆ ಇಡತೊಡಗಿದಳು.

ಅವನು ಕೋಣೆಗೆ ಬಂದಾಗ ಪರದೆಯ ಮೇಲೆ ಕಾವಲುಗಾರ ಇನ್ನೂ ಅಲ್ಲೇ ಇದ್ದ. ಗುಂಡುಗಳು ಇನ್ನೂ ಬೀಳುತ್ತಿದ್ದವು.

"ಹೇಳಿದ್ಯಾ?"

"ಹೇಳಿದೆನ್ರಿ."

"ಆರಸು ಅದನ್ನ."

ತೋಂಟೇಶ ಪ್ಲಗ್ಗು ಕಿತ್ತ. ಪರದೆ ಕಪ್ಪಾಯಿತು. ಮಾಸ್ತರರು ಮಗ್ಗುಲಾಗಲು ಹೋಗಿ ನೋವಿಗೆ ಹಲ್ಲು ಕಚ್ಚಿದರು. ಅವನು ಬೆನ್ನಿಗೆ ಕೈ ಕೊಟ್ಟು ಹೊರಳಿಸಿ, ದಿಂಬು ಸರಿಪಡಿಸಿದ.

"ನಾ ಇನ್ನು ಆಟ ಮುಟ್ಟೂದಿಲ್ರಿ ಅಜ್ಜಾರ. ಎಲ್ಲಾ ಸುಟ್ಟು ಹಾಕತೀನಿ. ನಿಮ್ಮ ಸೇವಾ ಮಾಡಕೋತ ಇಲ್ಲೇ ಬಿದ್ದಿರತೀನಿ."

"ಸೇವಾ ನೀಲವ್ವನೂ ಮಾಡತಾಳ. ಕಾದು ಕುಂತ ಮಂದಿಗೆ ಏನು ಹೇಳತಿ?"

"ನನ್ನ ಕೈ ಚಲೋ ಅಲ್ರಿ. ನಾ ಕಟ್ಟಿದ್ದನ್ನ ಯಾರೂ ನಂಬಬಾರದು."

"ಎಷ್ಟು ದಿನ ಉಳದಾವೋ ನನಗ ಗೊತ್ತಿಲ್ಲ. ಹೊತ್ತು ಕಳೀಬ್ಯಾಡ. ಹೊಸಾ ಪುಸ್ತಕ ತಗೊಂಡು ಬಾ, ಆಟ ಮತ್ತ ಮೊದಲಿಂದ ಕಟ್ಟೂಣು."

ತೋಂಟೇಶ ಬರೆಯುವ ಪುಸ್ತಕ ತಂದು, ನೆಲದ ಮೇಲೆ ಕುಳಿತು, ಮೊದಲ ಹಾಳೆ ತೆರೆದ.

"ಎಲ್ಲಿಂದ ಶುರು ಮಾಡಲ್ರಿ?"

ಮಾಸ್ತರರು ಕಣ್ಣು ಮುಚ್ಚಿದರು.

"ಮೊದಲು ಸಾವು ಬರಿ," ಎಂದರು. "ಕಾವಲುಗಾರನ್ನ ಆಮ್ಯಾಲ ಬರೆಯೂಣು."